ಕಸಿಕಡ್ಡಿ ಒಣಗುವ ಮೊದಲು

ಮಗಾ, ಕಾಲೇಜಿನ ಶಿಬಿರದಲ್ಲಿ ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ರಕ್ತದ ಕಾಂಡಕೋಶ ದಾನಿಗಳ ಪಟ್ಟಿಗೆ ಹೆಸರು ಬರೆಸಿಕೊಳ್ಳುತ್ತಾರಂತೆ, ಕೊಡಲಾ ಅಜ್ಜ ಅಂತ ಮೊನ್ನೆ ನೀನು ಕೇಳಿದೆ. ಗಾಳಿಮಳೆಗೆ ಫೋನು ಸತ್ತು ಮಾತು ಅರ್ಧಕ್ಕೇ ನಿಂತಿತು. ಕೊಡು. ಆದರೆ ಅದಕ್ಕೆ ಮೊದಲು ನನ್ನದೊಂದು ಮಾತಿದೆ.

ನನಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದದ್ದು 2008ರ ಅಡಿಕೆ ಕೊಯ್ಲಿನ ಹೊತ್ತಿಗೆ. ಎಡಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಕೊಪ್ಪದಲ್ಲಿ ರಕ್ತ ಕೊಟ್ಟು ನೋಡಿದರೆ, ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ರಕ್ತಕಣ ಲಕ್ಷ ದಾಟಿತ್ತು. ಶೃಂಗೇರಿ ಹಾದು, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ನನ್ನ ಪುಣ್ಯ, ನನಗೆ ಬಂದ ಜಾತಿಯ ಕ್ಯಾನ್ಸರಿಗೆ 2001ರಲ್ಲೇ ಇಮಾಟಿನಿಬ್ ಅನ್ನುವ ಗುಳಿಗೆ ಬಂದಿತ್ತು. ಆಗ ತಿಂಗಳಿಗೆ ಲಕ್ಷಕ್ಕೂ ಮಿಕ್ಕಿದ ಬೆಲೆಯಿತ್ತು. ಧರ್ಮಾರ್ಥ ಸಂಸ್ಥೆಯೊಂದು ಪುಕ್ಕಟೆ ಕೊಡಿಸಿತು. ಇಲ್ಲದಿದ್ದರೆ ತೋಟ ಮಾರಿದರೂ ಎರಡು ವರ್ಷಕ್ಕೆ ಸಾಲುತ್ತಿರಲಿಲ್ಲ. ಇವತ್ತಿಗೂ ರಾತ್ರಿ ಊಟದ ಜೊತೆ 400 ಮಿಲಿಗ್ರಾಂ, ದೊಡ್ಡ ಲೋಟದ ತುಂಬ ನೀರು. ಬೆಳಿಗ್ಗೆ ಕಣ್ಣಿನ ಸುತ್ತ ಊತ. ನಡುರಾತ್ರಿ ಮೀನಖಂಡ ಹಿಡಿದುಕೊಂಡರೆ ನಿನ್ನ ಅಜ್ಜಿ ಎದ್ದು ಕೊಬ್ಬರಿ ಎಣ್ಣೆ ತಿಕ್ಕುತ್ತಾಳೆ. ಇದರ ಜೊತೆಗೇ ತೋಟ ನೋಡಿಕೊಂಡೆ, ನಿನ್ನನ್ನು ಎತ್ತಿ ಆಡಿಸಿದೆ.

ಎಲ್ಲರಿಗೂ ಗುಳಿಗೆ ಸಾಲುವುದಿಲ್ಲ. ಕೆಲವು ವರ್ಷದ ಹಿಂದೆ ತಪಾಸಣೆಗೆ ಹೋದಾಗ ನರಸಿಂಹರಾಜಪುರ ಕಡೆಯ ಒಬ್ಬರು ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದರು. ಮಗನಿಗೆ ಹತ್ತೊಂಬತ್ತು. ಕಿಮೋ ಮುಗಿಸಿದ ಮೇಲೂ ಕಾಯಿಲೆ ಮರುಕಳಿಸಿತ್ತು. ಇನ್ನು ಮಜ್ಜೆಯ ಕಸಿಯೇ ದಾರಿ ಅಂತ ಡಾಕ್ಟರು ಅಂದಿದ್ದರು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ತಂಗಿಯದು ಹೊಂದಲಿಲ್ಲ. ಹೊರಗಿನವರೊಬ್ಬರದು ಹೊಂದಿತು ಅಂದಾಗ ಅವರು ವಾರ್ಡಿಗೆಲ್ಲ ಸಿಹಿ ಹಂಚಿದ್ದರಂತೆ. ಆಮೇಲೆ ಸುದ್ದಿ ಬಂತು, ಆ ದಾನಿಯ ಮನೆಯಲ್ಲಿ ಒಪ್ಪಲಿಲ್ಲ ಅಂತ. ಆ ಹುಡುಗ ಮುಂದಿನ ಮಳೆಗಾಲ ನೋಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಹಿಪ್ಪಲಿ ಬುಡಕ್ಕೆ ಕರಿಮೆಣಸು ಕಸಿ ಕಟ್ಟುವಾಗ ನೀನು ಪ್ಲಾಸ್ಟಿಕ್ ಪಟ್ಟಿ ಹಿಡಿದುಕೊಂಡು ನಿಂತಿರುತ್ತೀಯಲ್ಲ. ಮೆಣಸು ಕೂಡುವುದು ಹಿಪ್ಪಲಿಗೆ, ಎರಡೂ ಒಂದೇ ಕುಲದವು; ಹಲಸಿನ ಬುಡಕ್ಕೆ ಕಟ್ಟಿದರೆ ಕೂಡುತ್ತದಾ? ಮನುಷ್ಯರಲ್ಲೂ ಹಾಗೇ. ಹೊಂದಾಣಿಕೆ ಬರುವುದು ವಂಶದಿಂದ. ಜಗತ್ತಿನ ದಾನಿಗಳ ಪಟ್ಟಿಗಳಲ್ಲೆಲ್ಲ ಸೇರಿ ನಾಲ್ಕು ಕೋಟಿಗೂ ಮಿಕ್ಕಿ ಹೆಸರಿದ್ದರೂ ಭಾರತೀಯರು ತೀರಾ ಕಡಿಮೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಕ್ಕಲಿಗರಿಗೆ, ಜೈನರಿಗೆ, ಮುಸಲ್ಮಾನರಿಗೆ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಿಗೆ ಹೊಂದುವವರು ಜರ್ಮನಿಯಂಥ ದೂರದೇಶದಲ್ಲಿ ಸಿಗುವುದು ಕಷ್ಟ. ಇಲ್ಲಿಯವರೇ ಬರೆಸಬೇಕು.

ಇನ್ನೊಂದು. ಮೊದಲು ಬುಡದ ತಲೆ ಕತ್ತರಿಸಿ, ಸೀಳಿ, ಆಮೇಲೆ ಕಡ್ಡಿ ಕೂರಿಸುತ್ತೇವೆ. ಕತ್ತರಿಸಿಟ್ಟು ಕಡ್ಡಿ ಇಲ್ಲ ಅಂದರೆ? ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ಜೋರು ಔಷಧಿಯಿಂದ ಸುಟ್ಟುಬಿಡುತ್ತಾರೆ. ಆ ಹೊತ್ತಿಗೆ ದಾನಿ ಮನಸ್ಸು ಬದಲಿಸಿದರೆ ರೋಗಿಯ ಮೈಯಲ್ಲಿ ರಕ್ತ ಹುಟ್ಟಿಸುವುದು ಏನೂ ಉಳಿದಿರುವುದಿಲ್ಲ. ಬೇಡ ಅನ್ನುವ ಹಕ್ಕು ನಿನಗೆ ಕೊನೆಯವರೆಗೂ ಇದೆ. ಅನ್ನುವುದಾದರೆ ಈಗಲೇ ಅನ್ನು, ಯಾರೂ ಬೈಯುವುದಿಲ್ಲ. ಗೆಳೆಯರೆಲ್ಲ ಕೊಟ್ಟರು ಅಂತ ಕೊಡಬೇಡ.

ಭಯಪಡುವಂಥದ್ದು ಹೆಚ್ಚಿಲ್ಲ. ಕರೆ ಬಂದರೆ ನಾಲ್ಕೈದು ದಿನ ಇಂಜೆಕ್ಷನ್ ಕೊಡುತ್ತಾರೆ. ಮೈಕೈ ನೋವು, ತಲೆನೋವು ಬರಬಹುದು. ಆಮೇಲೆ ನಾಲ್ಕೈದು ಗಂಟೆ ಮಲಗಿರಬೇಕು. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕಾಂಡಕೋಶ ಅಲ್ಲಿ ನಿಂತು, ಉಳಿದದ್ದು ಇನ್ನೊಂದು ತೋಳಿಗೆ ವಾಪಸು ಬರುತ್ತದೆ. ಮಜ್ಜೆಯನ್ನೇ ತೆಗೆಯುವುದು ಅಪರೂಪ. ತೆಗೆದರೂ ಸೊಂಟದ ಮೂಳೆಯಿಂದ, ಅರಿವಳಿಕೆ ಕೊಟ್ಟು. ರಾಜಕುಮಾರ್, ಪುನೀತ್ ಕಣ್ಣು ಕೊಟ್ಟ ಮೇಲೆ ನೇತ್ರದಾನ ಅಂದರೆ ನಮ್ಮವರು ಹೆದರುವುದು ಬಿಟ್ಟರು. ಇದು ಬದುಕಿರುವಾಗಲೇ ಕೊಡುವಂಥದ್ದು, ಕೊಟ್ಟದ್ದು ಕೆಲವು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಒಂಬತ್ತು ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆ ಹಾಕಿದರು. ಇದು ನಮ್ಮ ದೇಶಕ್ಕೆ ಹೊಸದೇನಲ್ಲ.

ದುಡ್ಡಿನ ಸಹಾಯವೂ ಬೇಕು. ಕಸಿಗೆ ಅಂದರೆ ಊರು ಸೇರಿ ಕೊಡುತ್ತದೆ, ಒಳ್ಳೆಯದೇ. ಆದರೆ ಮನೆಯವರು ಸೋಲುವುದು ಬಸ್ ಚಾರ್ಜಿಗೆ, ಬೆಂಗಳೂರಿನ ಬಾಡಿಗೆ ಕೋಣೆಗೆ, ತಿಂಗಳುಗಟ್ಟಲೆ ತಪ್ಪಿದ ಕೂಲಿಗೆ. ಅದಕ್ಕೆ ಯಾರೂ ರಸೀದಿ ಪುಸ್ತಕ ಹಿಡಿದು ಬರುವುದಿಲ್ಲ. ನಿಮ್ಮ ಹುಡುಗರ ಸಂಘದ ದುಡ್ಡಿದ್ದರೆ ಅಂಥದ್ದಕ್ಕೆ ಕೊಡಿ. ರೋಗಿಗೆ ಹಾಕುವ ಪ್ಲೇಟ್‌ಲೆಟ್ ರಕ್ತಕಣವನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಅದನ್ನಾದರೂ ಕೊಡಲಿ.

ನಿನ್ನ ಅಮ್ಮನಿಗೆ ಹೇಳಿದ್ದೀಯಾ? ಬೆನ್ನುಹುರಿಯಿಂದ ತೆಗೆಯುತ್ತಾರೆ ಅಂತ ಅವಳು ಹೆದರಿಕೊಳ್ಳುತ್ತಾಳೆ, ನನಗೆ ಗೊತ್ತು, ನನ್ನ ಮಗಳಲ್ಲವಾ. ಶಿಬಿರಕ್ಕೆ ಮೊದಲಿನ ಭಾನುವಾರ ಮನೆಗೆ ಬಾ. ಅವಳು ಕೇಳುವುದನ್ನೆಲ್ಲ ಕೇಳಲಿ, ನಾನೂ ಕೂತಿರುತ್ತೇನೆ. ಸಂಜೆ ಹೊತ್ತಿದ್ದರೆ ಹತ್ತು ಹಿಪ್ಪಲಿ ಬುಡ ಉಳಿದಿವೆ, ಪಟ್ಟಿ ಹಿಡಿಯುವವರು ಬೇಕು.