ತತ್ತಿಯ ಚೀಲವನ್ನು ಹೊರುವ ಗದ್ದೆಯ ಜೇಡ: ಅದರ ಗುರುತು ಮತ್ತು ಆರೈಕೆ

ಕಾರವಾರ ಮತ್ತು ಅಂಕೋಲೆ ತಾಲೂಕುಗಳಲ್ಲಿ ಮಳೆಗಾಲದ ಭತ್ತವೇ ಮುಖ್ಯವಾದ ಪೈರು. ನಾಟಿಯಾದ ಕೆಲವು ವಾರಗಳ ಮೇಲೆ ಪೈರಿನ ಬುಡಗಳನ್ನು ಸರಿಸಿ ನೋಡಿದರೆ, ಹಿಂಬದಿಯಲ್ಲಿ ಬಿಳಿಯ ಗುಂಡೊಂದನ್ನು ಅಂಟಿಸಿಕೊಂಡು ನೀರಿನ ಮೇಲೆಯೇ ಓಡುವ ಕಂದು ಬಣ್ಣದ ಜೇಡವು ಕಣ್ಣಿಗೆ ಬೀಳುವುದುಂಟು. ಇದನ್ನು ಬೆಳೆಗೆ ಬಿದ್ದ ಹುಳುವೆಂದೆಣಿಸಿ ಔಷಧ ಹೊಡೆಯಲು ಅವಸರಪಡುವವರೂ ಇದ್ದಾರೆ. ಆದರೆ ಇದು ಪೈರಿನ ಒಂದೆಲೆಯನ್ನೂ ಮುಟ್ಟುವುದಿಲ್ಲ. ಪೈರಿನ ರಸವನ್ನು ಹೀರುವ ಕಂದು ಜಿಗಿಹುಳುಗಳನ್ನು ಹಿಡಿದು ತಿನ್ನುವುದೇ ಇದರ ಕೆಲಸ. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಗುರುತಿಸಬಲ್ಲವರಾದರೆ ಉಳಿದ ರೈತರೂ ಅವರನ್ನು ನೋಡಿ ಕಲಿಯುವರಾದ ಕಾರಣ, ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ಗುರುತು

ಇದಕ್ಕೆ ತೋಳಜೇಡವೆಂದು ಹೆಸರು. ಶಾಸ್ತ್ರಜ್ಞರು ಇದನ್ನು ಪಾರ್ಡೋಸಾ ಸ್ಯೂಡೋಅನ್ಯುಲೇಟಾ ಎಂದು ಕರೆಯುವರು. ಬಲೆಯನ್ನು ನೇಯ್ದು ಕಾಯದೆ, ತೋಳದಂತೆ ಓಡಿ ಬೇಟೆಯನ್ನು ಹಿಡಿಯುವುದರಿಂದ ಈ ಹೆಸರು ಬಂದಿತು. ಮೈಯ ಉದ್ದ ಅರ್ಧ ಅಂಗುಲದೊಳಗೆ, ಬಣ್ಣ ಕಂದು, ತಲೆಯ ಮೇಲೆ ಕವೆಯಂತೆ ಸೀಳಿದ ತಿಳಿಬಣ್ಣದ ಗುರುತು, ಹೊಟ್ಟೆಯ ಮೇಲೆ ಬಿಳಿಯ ಚುಕ್ಕೆಗಳು. ಎಂಟು ಕಣ್ಣುಗಳಲ್ಲಿ ನಾಲ್ಕು ಚಿಕ್ಕವು ಕೆಳಸಾಲಿನಲ್ಲಿಯೂ ನಾಲ್ಕು ದೊಡ್ಡವು ಅವುಗಳ ಮೇಲೆಯೂ ಇರುವುವು. ರಾತ್ರಿ ಬ್ಯಾಟರಿಯನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಬದುವನ್ನು ನೋಡಿದರೆ ಈ ಕಣ್ಣುಗಳು ಇಬ್ಬನಿಯ ಹನಿಗಳಂತೆ ಹೊಳೆಯುವುವು.

ಚೀಲವನ್ನು ಹೊರುವ ರೀತಿಯೇ ಎಲ್ಲಕ್ಕಿಂತ ಸುಲಭವಾದ ಗುರುತು. ತೋಳಜೇಡವು ಅದನ್ನು ಹೊಟ್ಟೆಯ ತುದಿಯಲ್ಲಿರುವ ನೂಲು ತೆಗೆಯುವ ಅಂಗಕ್ಕೆ ಅಂಟಿಸಿಕೊಂಡಿರುವುದು. ಮನೆಯ ಗೋಡೆಯ ಮೇಲೆ ಜಿರಲೆಗಳನ್ನು ಹಿಡಿಯುವ ದೊಡ್ಡ ಜೇಡವು ಚಪ್ಪಟೆಯಾದ ಚೀಲವನ್ನು ಮೈಯ ಕೆಳಗೆ ಹಿಡಿಯುವುದು. ಮೂಲೆಗಳಲ್ಲಿ ತೂಗಾಡುವ ನೀಳಗಾಲಿನ ಜೇಡವು ತತ್ತಿಗಳನ್ನು ಬಾಯಲ್ಲಿ ಕಚ್ಚಿಕೊಂಡಿರುವುದು.

ತತ್ತಿ ಮತ್ತು ಮರಿಗಳು

ಚೀಲವು ಎರಡು ತಟ್ಟೆಗಳನ್ನು ಅಂಚಿನಲ್ಲಿ ಹೊಲಿದಂತೆ ಇರುವುದು. ಮರಿಗಳು ಒಡೆದ ಮೇಲೆ ತಾಯಿಯೇ ಆ ಹೊಲಿಗೆಯನ್ನು ಕಚ್ಚಿ ಬಿಡಿಸುವುದು. ತಾಯಿಯ ಸಹಾಯವಿಲ್ಲದೆ ಮರಿಗಳು ಹೊರಬರುವುದು ಬಹಳ ಕಷ್ಟ. ಹೊರಬಂದ 60ರಿಂದ 80 ಮರಿಗಳು ತಾಯಿಯ ಬೆನ್ನನ್ನೇರಿ, ಕೆಲವು ದಿನ ಅಲ್ಲಿಯೇ ಇದ್ದು, ಬಳಿಕ ಚದುರಿ ಹೋಗುವುವು. ಒಂದು ತಾಯಿಯು ಮೂರು ನಾಲ್ಕು ತಿಂಗಳ ಆಯುಷ್ಯದಲ್ಲಿ 200ರಿಂದ 400 ತತ್ತಿಗಳನ್ನಿಡುವುದು. ಆದುದರಿಂದ ಚೀಲ ಹೊತ್ತ ಒಂದು ಜೇಡವನ್ನು ಕೊಂದರೆ ನಾಳಿನ ನೂರಾರು ಕಾವಲುಗಾರರನ್ನು ಕೊಂದಂತೆ.

ಹಿಡಿದು ತಂದ ತಾಯಿಜೇಡದ ಆರೈಕೆ

ಊರಿನವರಿಗೆ ಕಣ್ಣಾರೆ ತೋರಿಸುವುದಕ್ಕಾಗಿ ಒಂದನ್ನು ಸಾಕಿ ನೋಡುವುದು ಉತ್ತಮ. ಕ್ರಮವು ಹೀಗಿರತಕ್ಕದ್ದು:

1. ಕೈಯಿಂದ ಹಿಡಿಯಬಾರದು, ಒತ್ತಿದರೆ ಕಚ್ಚಬಹುದು, ಚೀಲವೂ ಕಳಚೀತು. ಅಗಲ ಬಾಯಿಯ ಗಾಜಿನ ಸೀಸೆಯನ್ನು ಮೇಲೆ ಮುಚ್ಚಿ, ಕೆಳಗಿನಿಂದ ದಪ್ಪ ಕಾಗದವನ್ನು ತೂರಿಸಬೇಕು.

2. ಸೀಸೆಯ ತಳದಲ್ಲಿ ಒಂದಂಗುಲ ತೇವವಾದ ಗದ್ದೆಯ ಮಣ್ಣನ್ನೂ ಎರಡು ಹುಲ್ಲುಕಡ್ಡಿಗಳನ್ನೂ ಇಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಬೇಕು. ನೀರಿಗಾಗಿ ನೆನೆಸಿದ ಹತ್ತಿಯ ತುಣುಕು ಸಾಕು.

3. ಒಂದು ಸೀಸೆಗೆ ಒಂದೇ ಜೇಡ. ಇವು ಒಂದನ್ನೊಂದು ತಿನ್ನುವುವು.

4. ದಿನ ಬಿಟ್ಟು ದಿನ ಜೀವಂತ ಜಿಗಿಹುಳುಗಳನ್ನಾಗಲಿ ಸಣ್ಣ ನೊಣಗಳನ್ನಾಗಲಿ ಬಿಡಬೇಕು. ಔಷಧ ಹೊಡೆದ ಗದ್ದೆಯ ಹುಳುಗಳನ್ನು ಕೊಡಲಾಗದು. ಹಸಿವೆ ಅಥವಾ ಕಾಟ ಹೆಚ್ಚಾದರೆ ತಾಯಿಯು ಚೀಲವನ್ನೇ ತಿಂದುಬಿಡಬಹುದು.

5. ಸೀಸೆಯನ್ನು ಸುಡುಬಿಸಿಲಿನಿಂದಲೂ ಇರುವೆಗಳಿಂದಲೂ ದೂರವಿಡಬೇಕು. ಚೀಲವನ್ನು ಬಿಡಿಸಿ ನೋಡುವ ಕುತೂಹಲವು ಬೇಡ.

6. ಮರಿಗಳು ಬೆನ್ನನ್ನೇರಿದೊಡನೆ ತಾಯಿಯನ್ನು ಹಿಡಿದ ಗದ್ದೆಯ ಬದುವಿನಲ್ಲಿಯೇ ಸಂಜೆಯ ಹೊತ್ತು ಬಿಡತಕ್ಕದ್ದು.

ಒಮ್ಮೊಮ್ಮೆ ಚೀಲದಿಂದ ಮರಿಗಳ ಬದಲು ಸಣ್ಣ ಕಣಜಗಳು ಹೊರಬರುವುದುಂಟು. ಇವು ಜೇಡದ ತತ್ತಿಗಳನ್ನು ತಿಂದು ಬೆಳೆಯುವ ಕೀಟಗಳು. ಸಾಕಿದವರ ತಪ್ಪೇನೂ ಅಲ್ಲ.

ಔಷಧವೂ ಜಿಗಿಹುಳುವೂ

ದೊಡ್ಡ ತೋಳಜೇಡವೊಂದು ದಿನಕ್ಕೆ 5ರಿಂದ 15 ಹುಳುಗಳನ್ನು ಹಿಡಿಯಬಲ್ಲುದು. ಕಂದು ಜಿಗಿಹುಳುವು ತನ್ನ ತತ್ತಿಗಳನ್ನು ಎಲೆಯ ಒರೆಯೊಳಗೆ ಸೇರಿಸಿಡುವುದರಿಂದ ಔಷಧದ ಹನಿಯು ಅವುಗಳಿಗೆ ತಾಗುವುದು ಅಪರೂಪ. ಹೊರಗೆ ತಿರುಗಾಡುವ ಜೇಡವಾದರೋ ಸಾಯುವುದು. ಬಳಿಕ ಜಿಗಿಹುಳುವಿನ ಮರಿಗಳು ಒಡೆದಾಗ ತಡೆಯುವವರಿರುವುದಿಲ್ಲ. ಪೈರು ಬೆಂಕಿ ತಗಲಿದಂತೆ ವೃತ್ತಾಕಾರವಾಗಿ ಒಣಗುವುದು. 1973-74ರಲ್ಲಿ ಈ ಹುಳುವು ಕೇರಳದ ತೀರದ ಗದ್ದೆಗಳನ್ನು ಬಹಳವಾಗಿ ಹಾಳುಮಾಡಿತು. ಅವಿವೇಕದಿಂದ ಔಷಧ ಹೊಡೆದಷ್ಟೂ ಈ ಪೀಡೆಯು ಹೆಚ್ಚುವುದೆಂಬುದನ್ನು ಕಂಡು, ಇಂಡೊನೇಶಿಯಾದ ಸರಕಾರವು 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ಬಳಸಕೂಡದೆಂದು ಆಜ್ಞೆ ಮಾಡಿತು.

ಗದ್ದೆಯಲ್ಲಿ ಕಾಪಾಡುವ ಬಗೆ

ಬದುಗಳ ಹುಲ್ಲನ್ನು ಎಲ್ಲ ಕಡೆಯೂ ಒಂದೇ ಸಲ ಸವರಬಾರದು, ಸುಡಲೂಬಾರದು. ಕೊಯ್ಲಿನ ತರುವಾಯ ಬದುವಿನ ಮೇಲೆ ಅಲ್ಲಲ್ಲಿ ಹುಲ್ಲಿನ ಸಣ್ಣ ಕಂತೆಗಳನ್ನಿಟ್ಟರೆ ಜೇಡಗಳು ಅವುಗಳಲ್ಲಿ ಅಡಗಿ ಉಳಿಯುವುವು. ಕಾಳಿ ಮತ್ತು ಗಂಗಾವಳಿ ನದಿಗಳ ತಗ್ಗು ಬಯಲುಗಳಲ್ಲಿ ನೆರೆಯೇರಿದಾಗ ಎತ್ತರವಾದ ಬದುಗಳೇ ಇವುಗಳಿಗೆ ಆಶ್ರಯ.

ಔಷಧವನ್ನು ಕೊಳ್ಳುವುದಕ್ಕೆ ಮೊದಲು ಗದ್ದೆಯ ಹತ್ತು ಕಡೆಗಳಲ್ಲಿ ಬುಡಗಳನ್ನು ಮೆಲ್ಲಗೆ ತಟ್ಟಿ, ಜಿಗಿಹುಳುಗಳೆಷ್ಟು, ಜೇಡಗಳೆಷ್ಟು ಎಂಬುದನ್ನು ಎರಡನ್ನೂ ಎಣಿಸಿ ಬರೆದುಕೊಂಡು, ಆ ಲೆಕ್ಕವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಸಲಹೆ ಪಡೆಯತಕ್ಕದ್ದು. ಜಿಗಿಹುಳುವನ್ನು ಮಾತ್ರ ಎಣಿಸಿ ಜೇಡವನ್ನು ಎಣಿಸದವನ ಲೆಕ್ಕವು, ಖರ್ಚನ್ನು ಬರೆದು ಜಮೆಯನ್ನು ಬಿಟ್ಟವನ ಲೆಕ್ಕದಂತೆ ಅಪೂರ್ಣವಾದದ್ದು. ಮುಖಂಡರು ತಾವು ಸಾಕಿದ ತಾಯಿಜೇಡದ ಸೀಸೆಯನ್ನು ಊರಿನ ಶಾಲೆಯಲ್ಲಿಯೂ ಸಭೆಯಲ್ಲಿಯೂ ತೋರಿಸಿದರೆ, ಬಹು ದಿನದ ಉಪದೇಶದಿಂದ ಆಗದ ಕಾರ್ಯವು ಒಂದೇ ನೋಟದಿಂದ ಆಗುವುದು.