ಕೋವಿ ಬೀರುವಿನ ಕೀಲಿಕೈ

ಮಗಾ, ಆ ಮೊಬೈಲ್ ಪಕ್ಕಕ್ಕಿಡು. ಮೂತಿ ತಿರುಗಿಸಬೇಡ, ರೀಲ್ಸ್ ಎಲ್ಲೂ ಓಡಿಹೋಗಲ್ಲ.

ನಿನ್ನ ಹೊಸ ಫೋಟೊ ನೋಡಿದೆ. ಆಟದ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಣ್ಣೂರು ಕೆರೆ ಏರಿ ಮೇಲೆ ನಿಂತಿದ್ದೀಯ. ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ನೋಟ ಮಾತ್ರ ಸಿನಿಮಾ ರೌಡೀದು! ಟಿ.ವಿ.ಯಲ್ಲಿ ಹೆಸರು ಮಾಡಿದ ಇಬ್ಬರು ಲಾಂಗ್ ಹಿಡಿದು ರೀಲ್ಸ್ ಮಾಡಿ 2025ರ ಮಾರ್ಚಿನಲ್ಲಿ ಬೆಂಗಳೂರು ಪೊಲೀಸರ ಕೈಗೆ ಸಿಕ್ಕರು. ನಿನಗೆ ಅಷ್ಟು ದೂರ ಯಾಕೆ, ಪಾಂಡವಪುರ ಠಾಣೆಯೇ ಸಾಕು.

ಅಮೆರಿಕದ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಬಂದರೆ "ಅದು ಆ ದೇಶದ ರೋಗ ತಾತ" ಅಂತೀಯ. ಅರ್ಧ ನಿಜ. ಇಲ್ಲಿ ಕೋವಿ ಬೇಕು ಅಂದರೆ 21 ತುಂಬಿರಬೇಕು, ಲೈಸೆನ್ಸ್ ಬೇಕು, ಚುನಾವಣೆ ಬಂತು ಅಂದರೆ ಸಾಮಾನ್ಯವಾಗಿ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ ಬರಬೇಕು. ಬೆಳೆಗೆ ಹಂದಿ ಕಾಟ ಅಂತ ಇಟ್ಟುಕೊಂಡವರಿಗೂ ಅದೇ ಕಟ್ಟಳೆ.

ಇನ್ನರ್ಧ ಕೇಳು. 2025ರ ಫೆಬ್ರವರಿಯಲ್ಲಿ ಪಕ್ಕದ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಕೈಗೆ ಸಿಗುವ ಹಾಗೆ ಬಂದೂಕು ಇತ್ತು. ನಿನಗಿಂತ ಚಿಕ್ಕ ಹುಡುಗ ಎತ್ತಿಕೊಂಡ. ಗುಂಡು ಹಾರಿತು. ಹೊಟ್ಟೆಪಾಡಿಗೆ ಬಂಗಾಳದಿಂದ ಬಂದಿದ್ದವರ ಕೂಸು, ಇನ್ನೂ ಸ್ಲೇಟು ಹಿಡಿಯದ್ದು, ಹೋಗೇಬಿಟ್ಟಿತು. ತಾಯಿಗೂ ಗಾಯ. ಆ ಹುಡುಗನಿಗೆ ಯಾರ ಮೇಲೂ ಹಗೆ ಇರಲಿಲ್ಲ.

ಹಗೆ ಇದ್ದ ಕಡೆಯ ಕತೆಯೂ ಹೆಚ್ಚು ಬೇರೆಯಲ್ಲ. 2007ರ ಡಿಸೆಂಬರಿನಲ್ಲಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಎಂಟನೇ ಕ್ಲಾಸಿನ ಹುಡುಗರು ಜೊತೆಯವನನ್ನೇ ಶಾಲೆಯಲ್ಲಿ ಗುಂಡಿಟ್ಟು ಕೊಂದರು. ಪಿಸ್ತೂಲು ಒಬ್ಬನ ಅಪ್ಪನದು. ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡಿಗೆ ಮಕ್ಕಳು ಸತ್ತ ಮೇಲೆ ಆ ದೇಶದ ಸೀಕ್ರೆಟ್ ಸರ್ವೀಸ್‌ನವರು ತಮ್ಮಲ್ಲಿನ ಇಂಥ ಪ್ರಕರಣಗಳನ್ನೆಲ್ಲ ಕೆದಕಿ 2002ರಲ್ಲಿ ವರದಿ ಕೊಟ್ಟರು. ಗುಂಡು ಹಾರಿಸಿದವರಲ್ಲಿ ನೂರಕ್ಕೆ 68 ಮಂದಿಗೆ ಕೋವಿ ಸಿಕ್ಕಿದ್ದು ಸ್ವಂತ ಮನೆಯಿಂದ, ಇಲ್ಲಾ ನೆಂಟರ ಮನೆಯಿಂದ. ನೂರಕ್ಕೆ 81 ಪ್ರಕರಣಗಳಲ್ಲಿ ಯಾರಿಗಾದರೂ ಒಬ್ಬರಿಗೆ ಮೊದಲೇ ಸುಳಿವಿತ್ತು. ಯಾರಿಗೆ ಅಂತೀಯ? ಮೇಷ್ಟ್ರಿಗಲ್ಲ, ಅಪ್ಪ ಅಮ್ಮನಿಗಲ್ಲ. ಹೆಚ್ಚುಪಾಲು ನಿನ್ನಂಥ ಗೆಳೆಯರಿಗೇ.

ನಿಮ್ಮಂಥ ಹುಡುಗರಿಗೊಂದು ಗೀಳಿದೆ, ಗೆಳೆಯನ ಗುಟ್ಟು ಹೊರಗೆ ಬಿಡಬಾರದು ಅಂತ. ಅವನು ಯಾರನ್ನು ಮೆಚ್ಚಿದ್ದಾನೆ, ಯಾವ ಪೇಪರಿನಲ್ಲಿ ಕಾಪಿ ಹೊಡೆದ, ಅದೆಲ್ಲ ಹೊಟ್ಟೆಯೊಳಗೇ ಇರಲಿ. ನಾನೂ ಕೇಳಲ್ಲ. ಆದರೆ "ಅವನನ್ನ ಮುಗಿಸಿಬಿಡ್ತೀನಿ" ಅಂತಲೋ, "ನಾನು ಇರೋದೇ ಬೇಡ" ಅಂತಲೋ ಅಂದರೆ ತಮಾಷೆ ಅಂತ ನಕ್ಕು ಬಿಡಬೇಡ. ಅವತ್ತೇ ಒಬ್ಬ ದೊಡ್ಡವರ ಕಿವಿಗೆ ಹಾಕು. ಚಾಡಿಕೋರ ಅಂತ ಒಂದು ವಾರ ಮಾತು ಬಿಡಬಹುದು, ಬಿಡಲಿ.

ನಮ್ಮ ಕಡೆ ಎರಡನೇ ಮಾತೇ ಹೆಚ್ಚು ಕಣೋ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಸರ್ಕಾರದ ಲೆಕ್ಕವೇ ಇದು. ಇದರ ಹಿಂದೆ ಏನೇನಿರುತ್ತೋ, ಮಾರ್ಕ್ಸ್ ಒಂದೇ ಅಂತ ಹೇಳಲಾರೆ. ಆದರೆ ಮಾರ್ಕ್ಸ್ ಬಂದ ದಿನ ಮನೆಮನೆಯಲ್ಲಿ ನಡೆಯುವ ಪಂಚಾಯಿತಿ ನೋಡಿದ್ದೀನಿ. ಪಕ್ಕದ ಮನೆಯವನಿಗೆ ಎಷ್ಟು ಬಂತು ಅಂತ ಕೇಳುವ ಅಪ್ಪಂದಿರಿಗೆ ತಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಎಲ್ಲಿದೆ ಅಂತ ಮಾತ್ರ ನೆನಪಿರಲ್ಲ. ನಿಮ್ಮಪ್ಪನದು ನನ್ನ ಹತ್ತಿರ ಇದೆ, ಬೇಕಾದಾಗ ಕೇಳು. 2024ರಲ್ಲೂ 2025ರಲ್ಲೂ ಪಿಯುಸಿಗೂ ಎಸ್ಸೆಸ್ಸೆಲ್ಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿದ್ದರು, ಒಂದು ಹೋದರೆ ಇನ್ನೊಂದು. ನಮ್ಮ ಕಾಲದಲ್ಲಿ ಈ ಭಾಗ್ಯ ಎಲ್ಲಿತ್ತು!

ನಮ್ಮ ಕಬ್ಬಿಣದ ಬೀರು ನೋಡಿ ನಗ್ತೀಯಲ್ಲ? ಕೋವಿ ಅದರಲ್ಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೆಳೆಗೆ ಹೊಡೆಯೋ ಔಷಧಿಗೂ ಬೀಗ. ಕೀಲಿಕೈ ನನ್ನ ಉಡುದಾರಕ್ಕೆ ಕಟ್ಟಿದೆ. ಸ್ನಾನಕ್ಕೂ ಬಿಚ್ಚಲ್ಲ, ತುಕ್ಕು ಹಿಡಿದು ಉಡುದಾರವೇ ಕೆಂಪಾಗಿದೆ. "ಔಷಧಿಗೂ ಬೀಗವಾ ತಾತ?" ಅಂತ ಗೇಲಿ ಮಾಡಿದೆ. ಹೂಂ, ಔಷಧಿಗೂ. ಸಿಟ್ಟು, ಅವಮಾನ ಎಲ್ಲ ಹಸಿಹುಲ್ಲಿನ ಹೊಗೆ ಇದ್ದ ಹಾಗೆ. ಕಣ್ಣೇ ಕಾಣದ ಹಾಗೆ ಏಳುತ್ತೆ, ಅರ್ಧ ಗಂಟೆಗೆ ತಿಳಿಯಾಗುತ್ತೆ. ಆ ಅರ್ಧ ಗಂಟೆಯಲ್ಲಿ ಕೈಗೆ ಏನೂ ಸಿಗಬಾರದು. ನಿನಗೆ ಮಾತ್ರ ಅಲ್ಲ, ನನಗೂ ಸೇರಿ.

ನಿನಗೇ ಎದೆ ಭಾರ ಅನ್ನಿಸಿದರೆ ಗಂಡಸುತನ ಅಂತ ಬಿಗಿದುಕೊಂಡು ಕೂರಬೇಡ. ನನ್ನ ಹತ್ತಿರ ಹೇಳೋಕೆ ನಾಚಿಕೆಯಾದರೆ 14416ಕ್ಕೆ ಫೋನ್ ಮಾಡು. ಟೆಲಿಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯ್ತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಮ ಕ್ಲಾಸಿನ ಗ್ರೂಪಿನಲ್ಲಿ ದಿನಾ ಬೆಳಗ್ಗೆ ಹಾಕುವ ಗುಲಾಬಿ ಹೂವಿನ ಬದಲು ಒಂದು ದಿನ ಈ ನಂಬರ್ ಹಾಕು.

ಅಂದಹಾಗೆ, ನಿನ್ನ ಬೆಂಚಿನ ಆ ಹುಡುಗ, ರಿಸಲ್ಟ್ ಬಂದ ಮೇಲೆ ಯಾರ ಫೋನೂ ಎತ್ತುತ್ತಿಲ್ಲ ಅಂದೆಯಲ್ಲ? ಮೆಸೇಜ್ ಮಾಡಿ ಕೈ ತೊಳೆದುಕೊಳ್ಳಬೇಡ, ಇವತ್ತೇ ಸಂಜೆ ಅವನ ಮನೆಗೆ ಹೋಗು. ಏನು ಮಾತಾಡಲಿ ಅಂತ ತಲೆ ಕೆಡಿಸಿಕೊಳ್ಳಬೇಡ. "ಹೆಂಗಿದ್ದೀಯ?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂತ್ಕೊ. ಅದು ನಿನಗೆ ಕಷ್ಟ, ಗೊತ್ತು. ಅವನು ಹೇಳಿದ್ದು ಕೇಳಿ ಭಯವಾದರೆ ಅಲ್ಲೇ ಇದ್ದು ಅವರಮ್ಮನ್ನ ಕರಿ, ನನಗೂ ಒಂದು ಫೋನ್ ಮಾಡು. ಹೆಲ್ಮೆಟ್ ಬಾಗಿಲ ಹಿಂದಿದೆ, ಹಾಕ್ಕೊಂಡು ಹೋಗು.