ಬತ್ತಿದ ಕೆರೆಯ ಗುಂಡಿಯಲ್ಲಿ ಉಳಿದ ಜಿಲೇಬಿ

"ಸಾರ್, ಬಿಟ್ಟಿದ್ದು ಕಾಟ್ಲಾ, ಬಂದಿದ್ದು ಜಿಲೇಬಿ."

ಈ ಬೇಸಿಗೆ ಶುರುವಾದಾಗಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಫೋನಿನಲ್ಲಿ ಕೇಳಿದ್ದೇನೆ, ಸಂತೆಯಲ್ಲಿ ಕೇಳಿದ್ದೇನೆ, ಕೆರೆ ಏರಿಯ ಮೇಲೆ ನಿಂತಾಗ ಬಲೆ ಎಳೆಯುವವರ ಬಾಯಲ್ಲೂ ಕೇಳಿದ್ದೇನೆ. ಜಿಲೇಬಿ ಎಂದರೆ ತಿಲಾಪಿಯಾ ಮೀನು. ಬಲೆ ತುಂಬಿರುತ್ತದೆ, ತೂಕಕ್ಕಿಟ್ಟರೆ ಏನೂ ಇರುವುದಿಲ್ಲ. ಒಂದೊಂದೂ ಅಂಗೈಗಿಂತ ಚಿಕ್ಕದು, ಬೆನ್ನ ತುಂಬ ಮುಳ್ಳು. ನಡುವೆ ಅಲ್ಲೊಂದು ಇಲ್ಲೊಂದು ಕಾಟ್ಲಾ, ಅದೂ ಬಿಟ್ಟು ಹತ್ತು ತಿಂಗಳಾದರೂ ಕಾಲು ಕೆ.ಜಿ. ದಾಟಿಲ್ಲ. ಗುತ್ತಿಗೆ ಹಿಡಿದವರು ಮರಿ ಕೊಟ್ಟ ಇಲಾಖೆಯನ್ನು ಬೈಯುತ್ತಾರೆ, ಮರಿ ತಂದ ಏಜೆಂಟನ್ನು ಬೈಯುತ್ತಾರೆ. ಹೋದ ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಬತ್ತದೆ ಉಳಿದಿದ್ದ ಗುಂಡಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ನಾನು ಬರೆಯುತ್ತಿರುವುದು ಆ ಗುಂಡಿಯ ಬಗ್ಗೆಯೇ. ಬಯಲುಸೀಮೆಯ ಸಣ್ಣ ಕೆರೆಗಳು ಹಿಂದೆ ಬೇಸಿಗೆಗೆ ಪೂರ್ತಿ ಒಣಗಿ ಅಂಗಳ ಬಿರುಕು ಬಿಡುತ್ತಿತ್ತು. ಈಗ ಹೂಳೆತ್ತಲೆಂದು, ಇಟ್ಟಿಗೆ ಗೂಡಿಗೆ ಮಣ್ಣು ಬೇಕೆಂದು ಜೆಸಿಬಿ ಇಳಿದು ಎಲ್ಲೆಂದರಲ್ಲಿ ತೋಡಿ ಹೋಗಿರುತ್ತದೆ. ಕೆರೆ ಬತ್ತಿದರೂ ಗುಂಡಿ ಬತ್ತುವುದಿಲ್ಲ. ಪಾಚಿಗಟ್ಟಿದ ಆ ನೀರಿನಲ್ಲಿ ಕಾಟ್ಲಾ ಉಸಿರುಕಟ್ಟಿ ಸಾಯುತ್ತದೆ, ಜಿಲೇಬಿ ಸಂಸಾರ ಹೂಡುತ್ತದೆ. ಜೂನ್‌ನಲ್ಲಿ ನೀರು ಬಂದಾಗ ನೀವು ಕೆರೆಗೆ ಮರಿ ಬಿಡುವ ಮೊದಲೇ ಗುಂಡಿ ತನ್ನ ಮರಿ ಬಿಟ್ಟಿರುತ್ತದೆ. ವರ್ಷ ವರ್ಷವೂ ಇದೇ ತಪ್ಪು. "ಕೆರೆ ಒಣಗಿತ್ತು ಸಾರ್, ಮೀನೆಲ್ಲಿಂದ ಬರುತ್ತೆ?" ಎನ್ನುತ್ತಾರೆ. ಅವರನ್ನು ಕೈ ಹಿಡಿದು ಗುಂಡಿಯ ಅಂಚಿಗೆ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ತಳದಲ್ಲಿ ತಟ್ಟೆಯಗಲದ ಕುಳಿಗಳು ಸಾಲಾಗಿ ಕಾಣುತ್ತವೆ. ಗಂಡು ತೋಡಿದ ಗೂಡುಗಳು ಅವು.

ಈ ಮೀನಿನ ಬಗ್ಗೆ ಹೆಚ್ಚು ಪಾಠ ಬೇಡ, ಇಷ್ಟು ತಿಳಿದರೆ ಸಾಕು. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿ ಈಜಲು ಕಲಿತ ಮೇಲೂ ಅಪಾಯ ಕಂಡರೆ ಮತ್ತೆ ಬಾಯೊಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬಂದು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಮತ್ತೆ ಇಡುತ್ತದೆ. ಕಾಟ್ಲಾ, ರೋಹು ಹರಿಯುವ ನೀರಿಲ್ಲದೆ ಕೆರೆಯಲ್ಲಿ ಮರಿ ಮಾಡುವುದೇ ಇಲ್ಲ. ನೀವು ಬಿಟ್ಟಷ್ಟೇ ಅವು, ಸತ್ತಷ್ಟು ಕಡಿಮೆ. ಜಿಲೇಬಿಯ ಲೆಕ್ಕ ಏರುತ್ತಲೇ ಇರುತ್ತದೆ, ಮೇವು ಸಾಲದೆ ಎಲ್ಲವೂ ಕುಳ್ಳಾಗಿ ನಿಲ್ಲುತ್ತವೆ. ಆಫ್ರಿಕಾದ ಮೊಜಾಂಬಿಕ್ ಕಡೆಯ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಇದನ್ನು ಇನ್ನು ಹರಡಬಾರದೆಂದು ಮೀನುಗಾರಿಕೆ ಸಂಶೋಧನಾ ಸಮಿತಿ ತಡೆ ಹಾಕಿದ್ದು 1959ರಲ್ಲಿ. ಅಷ್ಟರಲ್ಲಿ ಅದು ಕೆರೆ ಸೇರಿಯಾಗಿತ್ತು.

ಗುಂಡಿ ಅಳೆಯಿರಿ, ಆಮೇಲೆ ಹಿಂಡಿ ಕೊಳ್ಳಿ

ಮೊದಲ ಕೆಲಸ ಪಂಪು. ಬಾಡಿಗೆಗಾದರೂ ಡೀಸೆಲ್ ಪಂಪು ತಂದು ಗುಂಡಿಯ ನೀರು ಇಳಿಸಿ. ನೀರನ್ನು ಕಾಲುವೆಗೆ ಬಿಡಬೇಡಿ, ಒಣಗಿದ ಅಂಗಳದ ಮೇಲೆ ಹರಡಿ. ಪೂರ್ತಿ ಖಾಲಿಯಾಗಿ ತಳದ ಕೆಸರು ಬಿರುಕು ಬಿಡುವಂತಿದ್ದರೆ ಯಾವ ಔಷಧವೂ ಬೇಡ, ಬಿಸಿಲೇ ಸಾಕು. ಊಟೆ ಬಂದು ಖಾಲಿಯಾಗದಿದ್ದರೆ ಬಲೆ ಎಳೆದು ಸಿಕ್ಕಿದ್ದನ್ನೆಲ್ಲ ಮೇಲೆ ಹಾಕಿ. ಕೊರವ, ಚೇಳು ಮೀನಿನಂಥ ನಮ್ಮ ಮೀನು ಸಿಕ್ಕರೆ ಡ್ರಮ್ಮಿನಲ್ಲಿ ಉಳಿಸಿಕೊಳ್ಳಿ. ಮುಂದೆ ಹಾಕುವ ಹಿಂಡಿ ಜಾತಿ ನೋಡಿ ಕೊಲ್ಲುವುದಿಲ್ಲ.

ಉಳಿದ ನೀರಿಗೆ ಹಿಪ್ಪೆ ಹಿಂಡಿ. "ಎಕರೆಗೆ ಎಷ್ಟು ಹಾಕಬೇಕು?" ಎಂದು ಕೇಳಬೇಡಿ. ಇದು ಹೊಲವಲ್ಲ. ಲೆಕ್ಕ ನೀರಿನ ಗಾತ್ರದ ಮೇಲೆ. ಉದ್ದ ಅಳೆಯಿರಿ, ಅಗಲ ಅಳೆಯಿರಿ, ಐದಾರು ಕಡೆ ಕೋಲು ಇಳಿಸಿ ಆಳದ ಸರಾಸರಿ ತೆಗೆಯಿರಿ. ಮೂರನ್ನೂ ಮೀಟರಿನಲ್ಲಿ ಗುಣಿಸಿದರೆ ಘನ ಮೀಟರ್. ಪ್ರತಿ ಘನ ಮೀಟರಿಗೆ 250 ಗ್ರಾಂ ಹಿಂಡಿ ಬೇಕು. 20 ಮೀಟರ್ ಉದ್ದ, 15 ಮೀಟರ್ ಅಗಲ, 1 ಮೀಟರ್ ಸರಾಸರಿ ಆಳದ ಗುಂಡಿಯಲ್ಲಿ 300 ಘನ ಮೀಟರ್ ನೀರಿರುತ್ತದೆ. ಅದಕ್ಕೆ 75 ಕೆ.ಜಿ. ಅದೇ ಗುಂಡಿ 2 ಮೀಟರ್ ಆಳವಿದ್ದರೆ 150 ಕೆ.ಜಿ. ಎರಡಕ್ಕೂ ಒಂದೇ 50 ಕೆ.ಜಿ. ಮೂಟೆ ಸುರಿದು ಬಂದು "ಹಿಂಡಿ ಕೆಲಸ ಮಾಡಲಿಲ್ಲ" ಎಂದು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲಸ ಮಾಡದಿದ್ದದ್ದು ಹಿಂಡಿಯಲ್ಲ, ಅಳತೆಪಟ್ಟಿ.

ಹಿಂಡಿಯನ್ನು ಪುಡಿ ಮಾಡಿ ಹಿಂದಿನ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಕದಡಿ ಗುಂಡಿಯ ಎಲ್ಲ ಕಡೆ ಎರಚಿ, ಅಂಚಿನ ಜೊಂಡಿನ ಬುಡವನ್ನೂ ಬಿಡಬೇಡಿ, ಮರಿ ಅಡಗುವುದು ಅಲ್ಲೇ. ಎರಚಿದ ಮೇಲೆ ಬಲೆ ಎಳೆದು ನೀರು ಕಲಕಿ. ಕೆಲವು ಗಂಟೆಗಳಲ್ಲಿ ಮೀನು ಮೇಲೆ ಬರುತ್ತದೆ. ಹಿಪ್ಪೆ ಹಿಂಡಿಗೆ ಸತ್ತ ಮೀನನ್ನು ತಾಜಾ ಇರುವಾಗ ತಿನ್ನಬಹುದು, ಮಾರಬಹುದು. ಬೂಷ್ಟು ಹಿಡಿದ ಹಳೆಯ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಹಿಂಡಿಯ ವಿಷ ಇಳಿಯಲು ಸುಮಾರು ಮೂರು ವಾರ ಬೇಕು, ಆಮೇಲೆ ಅದೇ ಗೊಬ್ಬರವಾಗುತ್ತದೆ.

ಹಿಂಡಿ ಸಿಗದ ಊರಿನಲ್ಲಿ ಬ್ಲೀಚಿಂಗ್ ಪುಡಿ. 30 ಭಾಗ ಕ್ಲೋರಿನ್ ಇರುವ, ಮೊಹರು ಒಡೆಯದ ಚೀಲವನ್ನೇ ಕೊಳ್ಳಿ; ಪಂಚಾಯಿತಿ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿರುವ ಪುಡಿಯಲ್ಲಿ ಸುಣ್ಣ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಘನ ಮೀಟರಿಗೆ 35 ಗ್ರಾಂ, ಅಂದರೆ ನಮ್ಮ 300 ಘನ ಮೀಟರ್ ಗುಂಡಿಗೆ ಹತ್ತೂವರೆ ಕೆ.ಜಿ. ಖರ್ಚು ಇಳಿಸಬೇಕೆಂದರೆ ಘನ ಮೀಟರಿಗೆ 10 ಗ್ರಾಂ ಯೂರಿಯಾ ಮೊದಲು ಹಾಕಿ, 24 ಗಂಟೆ ಬಿಟ್ಟು 17.5 ಗ್ರಾಂ ಬ್ಲೀಚಿಂಗ್ ಪುಡಿ ಹಾಕಿ. ನಮ್ಮ ಗುಂಡಿಗೆ 3 ಕೆ.ಜಿ. ಯೂರಿಯಾ, ಐದೂಕಾಲು ಕೆ.ಜಿ. ಪುಡಿ. ಯೂರಿಯಾ ಮತ್ತು ಪುಡಿಯನ್ನು ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ವಿಷಗಾಳಿ ಏಳುತ್ತದೆ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸು, ಗಾಳಿಗೆ ಬೆನ್ನು ಕೊಟ್ಟು ಎರಚುವುದು. ಇದರ ಪ್ರಭಾವ ವಾರ ಹತ್ತು ದಿನಕ್ಕೆ ಇಳಿಯುತ್ತದೆ.

ಯಾವುದನ್ನೇ ಹಾಕಿ, ಊರಿನಲ್ಲಿ ಮೊದಲೇ ಸಾರಿಸಿ, ದನಕರು ಆ ಗುಂಡಿಗೆ ಇಳಿಯದಂತೆ ಮುಳ್ಳು ಹೊಡೆಸಿ. ಪಂಚಾಯಿತಿಯವರ ಒಪ್ಪಿಗೆಯಿರಲಿ. ಕುಡಿಯುವ ನೀರಿನ ಬಾವಿಯ ಮಗ್ಗುಲಿನ ಗುಂಡಿ, ಹಳ್ಳಕ್ಕೆ ಸೇರಿಕೊಂಡ ಮಡು, ಇವುಗಳ ತಂಟೆಗೆ ಹೋಗಬೇಡಿ. ಇನ್ನು ಟೊಮೇಟೊಗೆ ಹೊಡೆದು ಉಳಿದ ಕೀಟನಾಶಕವನ್ನು ಸುರಿಯುವ ಮಹಾನುಭಾವರಿದ್ದಾರೆ. ಅದು ಮೀನು ಹಿಡಿಯುವ ಕೆಲಸವಲ್ಲ, ಊರಿಗೆ ವಿಷ ಉಣಿಸುವ ಕೆಲಸ. ಆ ಮೀನನ್ನು ನಾಯಿಗೂ ಹಾಕುವಂತಿಲ್ಲ.

ಉಪ್ಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಎರಡು ಮೂಟೆ ಕಲ್ಲುಪ್ಪು ಸುರಿದು ನಿಶ್ಚಿಂತೆಯಿಂದ ಕೂತವರನ್ನು ಕಂಡಿದ್ದೇನೆ. ಜಿಲೇಬಿ ಸಮುದ್ರದ ನೀರಿನಲ್ಲೂ ಬದುಕಿ ಮರಿ ಮಾಡುವ ಮೀನು. ನಿಮ್ಮ ಉಪ್ಪು ಅದಕ್ಕೆ ಊಟದ ರುಚಿ.

ಮರಿ ನೋಡಿ ಬಿಡಿ

ಗುಂಡಿ ಶುದ್ಧ ಮಾಡಿದವರ ಕೆರೆಗೂ ಜಿಲೇಬಿ ಬರುವುದುಂಟು, ಮರಿಯ ಚೀಲದಲ್ಲೇ. ಮರಿ ಇಳಿಸುವ ಮೊದಲು ಬಿಳಿ ಬೇಸಿನ್ನಿಗೆ ಎರಡು ಬೊಗಸೆ ಹಾಕಿ ನೋಡಿ. ಜಿಲೇಬಿ ಮರಿಯ ಬೆನ್ನಿನ ಈಜುರೆಕ್ಕೆ ತಲೆಯ ಹಿಂದಿನಿಂದ ಬಾಲದ ಹತ್ತಿರದವರೆಗೂ ಇದ್ದು ಬೆರಳಿಗೆ ಚುಚ್ಚುತ್ತದೆ, ಆ ರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಮೃಗಾಲ್ ಮರಿಗೂ ಚುಕ್ಕೆಯಿದೆ, ಆದರೆ ಅದು ಬಾಲದ ಬುಡದಲ್ಲಿ; ಗಾಬರಿಯಾಗಿ ಅದನ್ನು ಎಸೆಯಬೇಡಿ. ಒಂದೇ ಒಂದು ಜಿಲೇಬಿ ಕಂಡರೂ ಚೀಲ ವಾಪಸು ಕಳಿಸಿ.

ವಿಷ ಇಳಿದಿದೆಯೇ ಎಂದು ತಿಳಿಯಲು ಸೊಳ್ಳೆಪರದೆಯ ಸಣ್ಣ ಪೆಟ್ಟಿಗೆ ಕಟ್ಟಿ ಹತ್ತು ಹದಿನೈದು ಮರಿ ಹಾಕಿ ನೀರಿಗೆ ಇಳಿಬಿಡಿ. ಒಂದು ಹಗಲು ಒಂದು ರಾತ್ರಿ ಬದುಕಿದರೆ ಬಿಡಬಹುದು. ಬಿಡುವಾಗ ಕಡ್ಡಿಯಂಥ ಮರಿ ಬೇಡ, ಕನಿಷ್ಠ 8ರಿಂದ 10 ಸೆಂ.ಮೀ. ಇರಲಿ. ಕೆರೆಯಲ್ಲಿ ಜಿಲೇಬಿ ಚೂರುಪಾರು ಉಳಿದಿದ್ದರೆ ಕೊರವನ ಮರಿ ಒಳ್ಳೆಯ ಕಾವಲುಗಾರ, ಜಿಲೇಬಿ ಮರಿಯನ್ನು ಹುಡುಕಿ ತಿನ್ನುತ್ತದೆ. ಕಾಟ್ಲಾ 100 ಗ್ರಾಂ ದಾಟಿದ ಮೇಲಷ್ಟೇ ಕೊರವ ಬಿಡಿ, ಮೊದಲೇ ಬಿಟ್ಟರೆ ನಿಮ್ಮ ಕಾಟ್ಲಾ ಮರಿಯೇ ಅದಕ್ಕೆ ಉಪಾಹಾರ.

ಕೃಷಿ ಹೊಂಡ ಇರುವವರಿಗೆ ಒಂದು ಮಾತು. ಮಕ್ಕಳು ಆಟಕ್ಕೆಂದು ತಂದು ಬಿಟ್ಟ ನಾಲ್ಕು ಜಿಲೇಬಿ ಮಳೆಗಾಲದಲ್ಲಿ ಹೊಂಡ ತುಂಬಿ ಹರಿದಾಗ ಕೆಳಗಿನ ಕೆರೆಗೆ ಸೇರುತ್ತದೆ. ಬಲೆ ಎಳೆದಾಗ "ಚಿಕ್ಕದು, ಬೆಳೀಲಿ ಬಿಡು" ಎಂದು ವಾಪಸು ಎಸೆಯುವ ದೊಡ್ಡ ಮನಸ್ಸೂ ಬೇಡ. ಅದು ಬೆಳೆಯುವುದಿಲ್ಲ, ಮೊಟ್ಟೆ ಇಡುತ್ತದೆ.

ಈಗ ತಿನ್ನುವ ಮಾತು. ಜಿಲೇಬಿ ಕೆಟ್ಟ ಮೀನು ಎಂದು ನಾನು ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತಾರೆ. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ಕಡಿಮೆ. ಕಾಟ್ಲಾ, ರೋಹುವಿನ ಮಾಂಸದೊಳಗಿನ ಕವಲು ಮುಳ್ಳು ಇದರಲ್ಲಿಲ್ಲ, ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು. ಕೆಸರು ವಾಸನೆಯೇ ತಕರಾರು. ಅದು ಪಾಚಿಯಿಂದ ಬರುವುದು. ಜೀವಂತ ಸಿಕ್ಕಿದ್ದನ್ನು ಮೂರು ನಾಲ್ಕು ದಿನ ಶುದ್ಧ ನೀರಿನ ತೊಟ್ಟಿಯಲ್ಲಿ ಮೇವು ಹಾಕದೆ ಇಟ್ಟರೆ ಬಹಳಷ್ಟು ಹೋಗುತ್ತದೆ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು, ಬಹಳ ಜನ ಇದನ್ನು ಬಿಟ್ಟೇ ಸಾರು ಮಾಡಿ ಮೂಗು ಮುರಿಯುತ್ತಾರೆ. ಆಮೇಲೆ ಉಪ್ಪು, ಅರಿಶಿನ, ಹುಣಸೆಹುಳಿ ಸವರಿ ಅರ್ಧ ಗಂಟೆ ಇಟ್ಟು ತೊಳೆದರೆ ಮುದ್ದೆಗೆ ಒಳ್ಳೆಯ ಸಾರಾಗುತ್ತದೆ. ಆದರೆ ಕಾರ್ಖಾನೆ ನೀರು, ಚರಂಡಿ ನೀರು ಸೇರುವ ಪಟ್ಟಣದ ಕೆರೆಯ ಜಿಲೇಬಿ ಬೇಡ. ಬೇರೆ ಮೀನು ಸಾಯುವ ಕೊಳಕಿನಲ್ಲೂ ಇದು ಬದುಕುತ್ತದೆ, ಆ ಕೊಳಕನ್ನು ಮೈಯಲ್ಲಿ ಹೊತ್ತು ಬರುತ್ತದೆ.

"ಹಾಗಾದರೆ ಗಿಫ್ಟ್ ತಳಿ ಸಾಕಬಹುದಲ್ಲ?" ಎಂದು ಕೇಳುತ್ತಾರೆ. ಅದು ಬೇರೆ ಜಾತಿ, ನೈಲ್ ತಿಲಾಪಿಯಾದಿಂದ ಬಂದ ಸುಧಾರಿತ ತಳಿ. ಬೇಗ ಬೆಳೆಯುತ್ತದೆ ಎಂಬುದು ನಿಜ. ಗಂಡು ಮರಿಗಳನ್ನೇ, ಅನುಮತಿ ಪಡೆದು, ನೀರು ಉಕ್ಕಿ ಹೊರಹೋಗದ ಕೊಳದಲ್ಲಿ, ಜಾಲರಿ ಹಾಕಿ ಸಾಕಬೇಕು. ಊರ ಕೆರೆಗೆ ಅದನ್ನು ಬಿಡುವಂತಿಲ್ಲ. ಗಿಫ್ಟ್ ಎಂದು ಹೇಳಿ ಕೆರೆಯ ಜಿಲೇಬಿ ಮರಿ ಮಾರುವವರಿದ್ದಾರೆ, ಎಚ್ಚರ. ಎರಡು ತಿಂಗಳಾದ ಮೇಲೆ ಹತ್ತು ಮೀನು ತಿರುಗಿಸಿ ಹೊಟ್ಟೆಯಡಿ ನೋಡಿ: ಗಂಡಿಗೆ ಎರಡು ರಂಧ್ರ, ಹೆಣ್ಣಿಗೆ ಮೂರು. ಹತ್ತರಲ್ಲಿ ನಾಲ್ಕು ಹೆಣ್ಣು ಕಂಡರೆ ನಿಮಗೆ ಟೋಪಿ ಬಿದ್ದಿದೆ.

ರೋಹಿಣಿ ಮಳೆ ಹುಟ್ಟುವುದು ಮೇ ಕೊನೆಯ ವಾರ. ಹಿಪ್ಪೆ ಹಿಂಡಿಗೆ ಮೂರು ವಾರ ಬೇಕು. ಹಿಂದಕ್ಕೆ ಎಣಿಸಿದರೆ ಮೇ ಮೊದಲ ದಿನಗಳಲ್ಲಿ ಹಿಂಡಿ ಗುಂಡಿಗೆ ಬಿದ್ದಿರಬೇಕು. ಈ ವಾರವೇ ಒಂದು ಅಳತೆಪಟ್ಟಿ, ಒಂದು ಉದ್ದ ಕೋಲು ಹಿಡಿದು ಕೆರೆಯಂಗಳಕ್ಕೆ ಇಳಿದು ಗುಂಡಿಗಳನ್ನು ಎಣಿಸಿ ಬನ್ನಿ.